108 ಕೆಜಿ ಹೊರುವ ಹಿಂದಿನ ಗಾಲಿ

ನನ್ನ ತೂಕ 108 ಕೆಜಿ. ಸೈಕಲ್ 14 ಕೆಜಿ, ಬ್ಯಾಗು, ನೀರು, ಪಂಪು ಎಲ್ಲಾ ಸೇರಿ ಇನ್ನೊಂದು 8. ಗಂಗಾವತಿ ಬಿಟ್ಟು ಸಿಂಧನೂರು ಕಡೆ ಹೊರಟರೆ ಎರಡು ಗಾಲಿಗಳ ಮೇಲೆ 130 ಕೆಜಿ ಕೂತಿರುತ್ತದೆ. ಅದರಲ್ಲಿ ಹತ್ತರಲ್ಲಿ ಆರು ಪಾಲು ಹಿಂದಿನ ಗಾಲಿಯದ್ದೇ. "ಅಣ್ಣಾ, ಇಷ್ಟು ದಪ್ಪ ಇದ್ದೂ 200 ಕಿ.ಮೀ. ಹೊಡೀತೀರಲ್ಲ, ಯಾವ ಗಾಲಿ ಹಾಕ್ಸೀರಿ?" ಅಂತ ಕೇಳುವ ಹುಡುಗರು ಈಗ ಜಾಸ್ತಿ ಆಗಿದ್ದಾರೆ. ಒಬ್ಬೊಬ್ಬರಿಗೇ ಹೇಳಿ ಹೇಳಿ ಸಾಕಾಗಿದೆ, ಇಲ್ಲೇ ಬರೆದುಬಿಡುತ್ತೇನೆ. ದುಬಾರಿ ಗಾಲಿ ಬೇಕಿಲ್ಲ. ಕಡ್ಡಿ (ಸ್ಪೋಕ್) ಜಾಸ್ತಿ ಇರಬೇಕು, ಕಟ್ಟಿದ ಕೈ ಚೆನ್ನಾಗಿರಬೇಕು.

ಸೈಕಲ್ ಜೊತೆ ಬಂದಿದ್ದ ಹಿಂದಿನ ಗಾಲಿಗೆ 28 ಕಡ್ಡಿ. ನೋಡೋಕೆ ಚೆಂದವೇ. ಮಸ್ಕಿ ದಾಟಿ ಲಿಂಗಸುಗೂರು ಕಡೆ ಹೋಗುವಾಗ ಹಿಂದೆ 'ಟಣ್' ಅಂತು. ರಿಮ್ ಓಲಾಡಿ ಬ್ರೇಕ್ ರಬ್ಬರಿಗೆ ಉಜ್ಜತೊಡಗಿತು. ಆ ಕಡ್ಡಿ ಹಾಕಿಸಿದೆ, ಸ್ವಲ್ಪ ದಿನಕ್ಕೆ ಪಕ್ಕದ್ದು ಹೋಯಿತು. ಗೆಳೆಯರೆಲ್ಲ ತೂಕ ಇಳಿಸು ಅಂದರು. ಅದನ್ನು ಹೇಳೋಕೆ ಸೈಕಲ್ ಮುರಿಯಬೇಕಿತ್ತಾ?

ಗಂಗಾವತಿಯಲ್ಲಿ ಹಾಲಿನವರ ಸೈಕಲ್ ರಿಪೇರಿ ಮಾಡುತ್ತಲೇ ತಲೆ ಬೆಳ್ಳಗಾದ ಒಬ್ಬ ಚಾಚಾ ಇದ್ದಾರೆ. ಮುರಿದ ಕಡ್ಡಿಯನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಗಾಲಿ ನಡುವಿನ ಹಬ್‌ನ ತೂತಿನ ಹತ್ತಿರ ಕಡ್ಡಿ ಬಾಗುತ್ತದಲ್ಲ, ಸರಿಯಾಗಿ ಅಲ್ಲೇ ತುಂಡಾಗಿತ್ತು. ಮುರಿದ ಜಾಗದ ಒಂದು ಬದಿ ನುಣುಪು, ಇನ್ನೊಂದು ಬದಿ ಒರಟು. ನುಣುಪು ಇದ್ದದ್ದು ದಿನಾ ಸ್ವಲ್ಪ ಸ್ವಲ್ಪ ಬೆಳೆದ ಬಿರುಕು. ಒರಟು ಇದ್ದದ್ದು ಕೊನೆಗೆ ಒಮ್ಮೆಲೇ ಹರಿದದ್ದು. "ಇದು ಮೊನ್ನೆ ಮುರಿದದ್ದಲ್ರೀ ಸರ. ಕಡ್ಡಿ ಸಡ್ಲ ಅದಾವ, ಅದಕ್ಕ ಮುರೀತಾವ" ಅಂದರು.

ಬಿಗಿ ಇದ್ದದ್ದು ತಾನೇ ಮುರಿಯೋದು? ಇಲ್ಲ. ಗಾಲಿ ಉರುಳುವಾಗ ನೆಲದ ಕಡೆ ಬಂದ ಕಡ್ಡಿ ಆ ಕ್ಷಣಕ್ಕೆ ಸ್ವಲ್ಪ ಸಡಿಲವಾಗುತ್ತದೆ, ಮೇಲೆ ಹೋದಾಗ ಮತ್ತೆ ಬಿಗಿಯುತ್ತದೆ. ದೊಡ್ಡ ಗಾಲಿಯ ಸುತ್ತಳತೆ ಸುಮಾರು 2.2 ಮೀಟರ್. 200 ಕಿ.ಮೀ. ಅಂದರೆ ತೊಂಬತ್ತು ಸಾವಿರ ಸುತ್ತು, ಪ್ರತಿ ಕಡ್ಡಿಗೂ ಅಷ್ಟೂ ಸಲ ಈ ಎಳೆದಾಟ. ಮೊದಲೇ ಬಿಗಿ ಇದ್ದರೆ ತೂಕ ಬಿದ್ದರೂ ಕಡ್ಡಿ ಪೂರ್ತಿ ಸಡಿಲವಾಗುವುದಿಲ್ಲ. ಸಡಿಲ ಇದ್ದರೆ ತಂತಿಯನ್ನು ಅತ್ತ ಇತ್ತ ಬಗ್ಗಿಸಿ ಮುರಿದ ಹಾಗೆ ಆ ಬಾಗಿನಲ್ಲೇ ಸವೆದು ಹೋಗುತ್ತದೆ. ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ ತಾನಾಗೇ ತಿರುಗಿ ಇನ್ನಷ್ಟು ಸಡಿಲ. ಅದರ ಮೇಲೆ ನಮ್ಮ ಎರೆಮಣ್ಣಿನ ರಸ್ತೆ. ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ ಡಾಂಬರೇ ಅಲೆ ಅಲೆ ಆಗಿರುತ್ತದೆ. ಭತ್ತದ ಲಾರಿಗೆ ದಾರಿ ಬಿಡಲು ಅಂಚಿಗೆ ಇಳಿದರೆ ಒಂದು ಗುದ್ದು ಗ್ಯಾರಂಟಿ.

ಹಿಂದಿನ ಗಾಲಿಗೆ ಇನ್ನೊಂದು ಕಷ್ಟ ಇದೆ. ಬಲಗಡೆ ಗೇರಿನ ಹಲ್ಲುಗಳಿಗೆ ಜಾಗ ಬೇಕು. ಹಾಗಾಗಿ ಬಲಗಡೆ ಕಡ್ಡಿಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತು ತುಂಬಾ ಬಿಗಿ, ಎಡಗಡೆಯವು ಅದಕ್ಕಿಂತ ಎಷ್ಟೋ ಸಡಿಲ. ಕಡ್ಡಿ ಕಡಿಮೆ ಇದ್ದಷ್ಟೂ ಒಂದೊಂದರ ಪಾಲಿನ ಭಾರ ಜಾಸ್ತಿ.

ಹಳೇ ಕಪ್ಪು ಸೈಕಲ್ ನೋಡಿದ್ದೀರಲ್ವಾ? ಮುಂದೆ 32 ಕಡ್ಡಿ, ಹಿಂದೆ 40. ಹಾಲಿನ ಕ್ಯಾನ್, ಗೊಬ್ಬರದ ಚೀಲ, ಹಿಂದೆ ಹೆಂಡತಿ, ಮುಂದೆ ಮಗು, ಎಲ್ಲಾ ಹೊತ್ತಿದೆ. ಆ ಲೆಕ್ಕ ಹಾಕಿದವರಿಗೆ ಭಾರ ಎಲ್ಲಿ ಬೀಳುತ್ತದೆ ಅಂತ ಗೊತ್ತಿತ್ತು.

ನಾನು ಹಾಕಿಸಿದ್ದು 36. ಹಬ್‌ಗೂ ರಿಮ್‌ಗೂ ಅಷ್ಟೇ ತೂತು ಇರಬೇಕು, ಬೆಂಗಳೂರಿನಿಂದ ತರಿಸಿದೆ. ರಿಮ್ ಡಬಲ್ ವಾಲ್, ಅಂದರೆ ಎರಡು ಪದರದ್ದು. ಕಡ್ಡಿ ಸ್ಟೇನ್‌ಲೆಸ್ ಸ್ಟೀಲ್, ಎರಡೂ ತುದಿಯಲ್ಲಿ 2 ಮಿ.ಮೀ., ನಡುವೆ 1.8. ನಡು ತೆಳ್ಳಗಿದ್ದರೆ ಬೇಗ ಮುರಿಯುತ್ತದೆ ಅಂದುಕೊಳ್ಳಬೇಡಿ. ಆ ತೆಳು ಭಾಗ ಸ್ವಲ್ಪ ಹಿಗ್ಗಿ ಗುದ್ದನ್ನು ತಾನೇ ನುಂಗುತ್ತದೆ, ಬಾಗಿಗೆ ಪೆಟ್ಟು ಕಡಿಮೆ. ನಿಪ್ಪಲ್ ಹಿತ್ತಾಳೆಯದ್ದೇ ಇರಲಿ, ಅಲ್ಯೂಮಿನಿಯಂ ಬೇಡ. ಹಬ್ ಕ್ಯಾಸೆಟ್ (ಗೇರಿನ ಹಲ್ಲುಗಳ ಗೊಂಚಲು) ಜಾರಿಸಿ ಹಾಕುವಂಥದ್ದು ತೊಗೊಳ್ಳಿ. ತಿರುಪಿ ಕೂರಿಸುವ ಫ್ರೀವೀಲ್ ಹಬ್‌ನಲ್ಲಿ ಬಲಗಡೆ ಬೇರಿಂಗ್ ತುಂಬಾ ಒಳಗಿರುತ್ತದೆ, ನಮ್ಮಂಥವರ ತೂಕಕ್ಕೆ ಆಕ್ಸಲ್ಲೇ ಬಾಗುತ್ತದೆ. 28ರ ಬದಲು 36 ಹಾಕಿದರೆ ಹೆಚ್ಚಾಗುವುದು ಐವತ್ತು ಗ್ರಾಂ ಆಸುಪಾಸು. ಕಾರಟಗಿಯಲ್ಲಿ ಒಂದು ಮಿರ್ಚಿ ಕಡಿಮೆ ತಿಂದರೆ ಆಯ್ತು.

ಚಾಚಾ ಗಾಲಿ ಕಟ್ಟುವುದನ್ನು ಸುಮ್ನೆ ಕೂತು ನೋಡಬೇಕು. ಪ್ರತಿ ಕಡ್ಡಿ ಮೂರನ್ನು ದಾಟಿ ಹೋಗುವ ಹಾಗೆ ಹೆಣೆದರು. ನಿಪ್ಪಲ್ ತಿರುಗಿಸುವ ಕೀ ಹಿಡಿದು ಎಲ್ಲದಕ್ಕೂ ಕಾಲು ಸುತ್ತು, ಮತ್ತೆ ಕಾಲು ಸುತ್ತು. ಬೆಂಡ್ ತೆಗೆದ ಮೇಲೆ ಬೆರಳಲ್ಲಿ ಕಡ್ಡಿ ಮೀಟಿ ಕಿವಿ ಕೊಟ್ಟರು. ಬಲಗಡೆಯದೆಲ್ಲ ಒಂದೇ ಸ್ವರ, ಎಡಗಡೆಯದೆಲ್ಲ ಅದಕ್ಕಿಂತ ಕೆಳಗೆ, ಆದರೆ ತಮ್ಮತಮ್ಮಲ್ಲಿ ಒಂದೇ. ಒಂದು ಮಾತ್ರ ಬೇರೆ ನುಡಿದರೆ ಅದಕ್ಕೆ ಮತ್ತೆ ಕೀ. ಆಮೇಲೆ ಅಕ್ಕಪಕ್ಕದ ಎರಡೆರಡು ಕಡ್ಡಿ ಸೇರಿಸಿ ಮುಷ್ಟಿಯಲ್ಲಿ ಜೋರಾಗಿ ಹಿಚುಕಿದರು. 'ಟಿಕ್ ಟಿಕ್' ಅಂತ ಸದ್ದು ಬಂತು. ತಿರುಚಿಕೊಂಡಿದ್ದ ಕಡ್ಡಿಗಳು ನೆಟ್ಟಗಾಗುವ ಸದ್ದದು. ಮತ್ತೆ ಬೆಂಡ್ ನೋಡಿದರು. ಮಷೀನಲ್ಲಿ ಕಟ್ಟಿದ ಅಗ್ಗದ ಗಾಲಿಗಳಲ್ಲಿ ತಪ್ಪಿಹೋಗುವುದು ಬಹಳ ಸಲ ಈ ಕೆಲಸವೇ.

ಟೈರ್ 38 ಮಿ.ಮೀ. ಹಾಕಿದ್ದೇನೆ. ದಪ್ಪ ಇದ್ದೇವೆ ಅಂತ ತೆಳ್ಳನೆ ಟೈರಿಗೆ ಕಲ್ಲಿನಂತೆ ಗಾಳಿ ತುಂಬಿದರೆ ಪ್ರತಿ ಗುದ್ದೂ ಕಡ್ಡಿಗೇ ಹೋಗುತ್ತದೆ. ಬಳ್ಳಾರಿ ಜಾಲಿ ಮುಳ್ಳಿಗೆ ಮಾತ್ರ ಯಾವ ಟೈರೂ ಲೆಕ್ಕಕ್ಕಿಲ್ಲ, ಪಂಕ್ಚರ್ ಸಾಮಾನು ಜೊತೆಗಿರಲಿ. ಎರಡೂ ಬದಿಯ ಅಳತೆಯ ಎರಡೆರಡು ಕಡ್ಡಿ ಸೈಕಲ್ ಫ್ರೇಮಿಗೆ ಟೇಪ್ ಸುತ್ತಿಡಿ, ಎರಡೂ ಬದಿಯ ಉದ್ದ ಬೇರೆ ಬೇರೆ ಇರುತ್ತದೆ. ಬಲಗಡೆಯದು ಮುರಿದರೆ ಕ್ಯಾಸೆಟ್ ಬಿಚ್ಚಬೇಕು, ಅದರ ಟೂಲ್ ಹಳ್ಳಿ ಅಂಗಡಿಯಲ್ಲಿ ಸಿಗೋದು ಕಷ್ಟ. 36 ಕಡ್ಡಿಯ ಗಾಲಿಯಾದರೆ ಒಂದು ಹೋದರೂ ಪಕ್ಕದವನ್ನು ಸ್ವಲ್ಪ ಸಡಿಲಿಸಿ ಮೆಲ್ಲಗೆ ಊರು ಮುಟ್ಟಬಹುದು.

ಮುಂದಿನ ಗಾಲಿ ಕಂಪನಿಯದ್ದೇ ಇದೆ, ಮುಟ್ಟಿಲ್ಲ. ಹೊಸದಾಗಿ ಕಟ್ಟಿಸಿದ ಗಾಲಿಯನ್ನು ಒಂದು ಉದ್ದದ ಸವಾರಿ ಆದ ಮೇಲೆ ಕಟ್ಟಿದವರ ಹತ್ತಿರವೇ ಒಯ್ದು ಮತ್ತೊಮ್ಮೆ ಬಿಗಿ ನೋಡಿಸಿ. ಚಾಚಾ ಅದಕ್ಕೆ ದುಡ್ಡು ತೊಗೊಳ್ಳಲ್ಲ, ಚಾ ಕುಡಿಸಿದರೆ ಸಾಕು.