ಸೀಸನ್ನಿನ ಮೊದಲ ರೇಸ್

ರೇಸ್ ಶುರುವಾಗುವ ಗ್ರಿಡ್‌ಗೆ ಹೊರಡುವ ಮುಂಚೆ, ಟೈರ್ ಬಿಸಿ ಮಾಡೋ ಹೊದಿಕೆ ಅಂದ್ರೆ ವಾರ್ಮರ್ ಬಿಚ್ಚಿ ಬೈಕಿನ ಹಿಂದಿನ ಟೈರಿಗೆ ಬೆರಳು ತಾಗಿಸಿದೆ. ಚುರ್ ಅಂತು.

80 ಡಿಗ್ರಿ. ಸುಮಾರು ಒಂದು ಗಂಟೆ ಸುತ್ತಿಟ್ಟರೆ ಬಿಸಿ ರಬ್ಬರ್ ದಾಟಿ ರಿಮ್‌ವರೆಗೂ ಇಳಿಯುತ್ತದೆ, ಒಳಗಿನ ಗಾಳಿ ಹಿಗ್ಗಿ ಪ್ರೆಶರ್ ಏರುತ್ತದೆ, ಅದಕ್ಕೇ ಗೇಜ್ ಹಿಡಿದು ನೋಡುವುದು ಬಿಸಿ ಇದ್ದಾಗಲೇ. ತಣ್ಣಗಿನ ಸ್ಲಿಕ್ (ಗೀರುಗಳಿಲ್ಲದ ನುಣುಪು ರೇಸ್ ಟೈರ್) ನಂಬಿ ಮೊದಲ ತಿರುವಲ್ಲೇ ಬೈಕ್ ಮಲಗಿಸೋಕಾಗುತ್ತಾ?

ಮೈಗೆ ಮಾತ್ರ ಅಂಥ ವಾರ್ಮರ್ ಇಲ್ಲ. ಮೊದಲ ಲ್ಯಾಪ್‌ಗಳಲ್ಲಿ ಮುಂಗೈ ಬಿಗಿದುಕೊಂಡು ಉಸಿರಾಡುವುದೂ ಮರೆತುಹೋಗಿತ್ತು, ಆಮೇಲೆ ಎಲ್ಲೋ ಒಂದು ತಿರುವಿನಲ್ಲಿ ಸೂಟಿನ ಮೊಣಕಾಲಿಗೆ ಅಂಟಿಸಿದ ಸ್ಲೈಡರ್ ತುಂಡು ನೆಲಕ್ಕೆ ಸವರಿತು ನೋಡಿ, ಇಷ್ಟು ತಿಂಗಳು ಕಾದಿದ್ದು ಇದಕ್ಕೇ ಅನ್ನಿಸಿಬಿಡ್ತು.

ನಾಳೆ ಇನ್ನೊಂದು ರೇಸ್. ಹಿಂದಿನ ಸಾಲಿನಿಂದ ಶುರು, ಹಿಂದಿಕ್ಕಲು ಜಾಸ್ತಿ ಜನ ಸಿಗ್ತಾರೆ ಅಲ್ವಾ!