ಗವಾಯಿಗಳ ಬೆನ್ನ ಹಿಂದೆ ಕೂತು ಕೇಳಿದ ಮಲ್ಹಾರ

ಧಾರವಾಡದ ಮಾಳಮಡ್ಡಿಯಲ್ಲಿ ಹಿಂದುಸ್ತಾನಿ ಗಾಯನದ ಬೈಠಕ್ ನಡೆಯುವ ಆ ಮನೆಯ ಪಡಸಾಲೆಯಲ್ಲಿ ಒತ್ತೊತ್ತಿ ಕೂತರೂ ಮೂವತ್ತು ಮಂದಿಗಿಂತ ಹೆಚ್ಚು ಹಿಡಿಸುವುದಿಲ್ಲ. ಮೈಕಿಲ್ಲ, ವೇದಿಕೆಯಿಲ್ಲ. ಒಂದು ಜಮಖಾನೆ, ಅದರ ಮೇಲೊಂದು ಬಿಳಿ ಚಾದರ, ಅಷ್ಟೇ. ಕಳೆದ ಶನಿವಾರ ಬ್ಯಾಂಕಿನ ಕೆಲಸ ಮುಗಿಸಿ, ಹುಬ್ಬಳ್ಳಿಯಿಂದ ಚಿಗರಿ ಬಸ್ ಹಿಡಿದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಏಳೂವರೆ. ಜಿಟಿಜಿಟಿ ಮಳೆ. ಛತ್ರಿ ಕಟ್ಟೆಗೆ ಆನಿಸಿ ಒಳಗೆ ಕಾಲಿಟ್ಟೆನೋ ಇಲ್ಲವೋ, ಮನೆಯ ಅಕ್ಕಾವರು ಕೈ ಹಿಡಿದು ಎಳೆದರು.

"ಹಿಂದ ಕೂಡಬ್ಯಾಡವಾ, ಮುಂದ ಬಾ. ತಂಬೂರಿಗೆ ಬರೋ ಹುಡುಗಿ ಮಳ್ಯಾಗ ಸಿಕ್ಕೊಂಡಾಳ. ನೀನ ಹಿಡಿ."

"ಬಿಟ್ಟು ಹನ್ನೊಂದು ವರ್ಷ ಆತ್ರಿ ಅಕ್ಕಾರ!"

"ಬೆರಳಿಗೆ ನೆನಪಿರತದ, ತಗೋ."

ಮೊದಲ ತಂತಿಯ ಪಂಚಮಕ್ಕೆ ನಡುಬೆರಳು, ಉಳಿದ ಮೂರು ಷಡ್ಜಗಳಿಗೆ ತೋರುಬೆರಳು. ಬೆರಳಿಗೆ ನಿಜವಾಗಿಯೂ ನೆನಪಿತ್ತು. ಶ್ರುತಿ ಮಾಡುವುದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ತೇವಕ್ಕೆ ತಬಲಾದ ಚರ್ಮ ಇಳಿದುಬಿಟ್ಟಿತ್ತು. ತಬಲಾದವರು ಸುತ್ತಿಗೆ ಹಿಡಿದು ಗಟ್ಟಾಗಳನ್ನು, ಅಂದರೆ ಬಾರು ಬಿಗಿಯುವ ಕಟ್ಟಿಗೆ ತುಂಡುಗಳನ್ನು, ಬಡಿಯುತ್ತಲೇ ಇದ್ದರು. ಅಂದು ಹಾಡಲಿದ್ದ ಗವಾಯಿಗಳು ನನ್ನ ತಂಬೂರಿಯ ಕುದುರೆಯ (ತಂತಿಗಳನ್ನು ಹೊರುವ ಪಟ್ಟಿಯ) ಮೇಲೆ, ತಂತಿಯ ಕೆಳಗಿದ್ದ ನೂಲಿನೆಳೆಯನ್ನು ಉಗುರಿನಿಂದ ಇಷ್ಟೇ ಇಷ್ಟು ಸರಿಸಿದರು. ಅಲ್ಲಿಯವರೆಗೆ ಟಣ್ ಎನ್ನುತ್ತಿದ್ದ ತಂತಿ ಒಮ್ಮೆಲೇ ಜೇನುಹುಳದ ಹಾಗೆ ಗುಂಯ್ಗುಟ್ಟಿತು. ಇದಕ್ಕೆ ಜವಾರಿ ಅಂತಾರೆ. ಸಂತೆಯಲ್ಲಿ ಜವಾರಿ, ಅಂದರೆ ನಾಟಿ, ಸೌತಿಕಾಯಿ ಕೇಳುವಾಗಲೂ ನನಗೆ ಈ ದನಿಯೇ ನೆನಪಾಗುತ್ತದೆ.

ಹಾಡಿದ್ದು ಮಿಯಾ ಮಲ್ಹಾರ, ಮಳೆಯ ರಾಗ. ರಾಗಗಳಿಗೆ ಹಾಡುವ ಹೊತ್ತು ಗೊತ್ತಿರುತ್ತದೆ, ಆದರೆ ಮಳೆಗಾಲದಲ್ಲಿ ಇದಕ್ಕೆ ಹೊತ್ತಿನ ಹಂಗಿಲ್ಲ. ವಿಲಂಬಿತ ಏಕತಾಲದ ಹನ್ನೆರಡು ಮಾತ್ರೆ ಒಂದು ಸುತ್ತು ಬರುವುದರೊಳಗೆ ಹೊರಗೆ ಹಂಚಿನ ನೀರು ಎಷ್ಟು ಸಲ ತೊಟ್ಟಿಕ್ಕುತ್ತದೆ ಎಂದು ಎಣಿಸಬಹುದು, ಅಷ್ಟು ನಿಧಾನ. ಆ ರಾಗದ ಕೋಮಲ ಗಂಧಾರ ಒಂದೇ ಕಡೆ ನಿಲ್ಲುವುದಿಲ್ಲ, ತೊಟ್ಟಿಲಿನಂತೆ ತೂಗುತ್ತದೆ. ಸಭಾಗೃಹಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಆದರೆ ಗವಾಯಿಗಳ ಬೆನ್ನ ಹಿಂದೆ ಕೂತಾಗ ಕಂಡದ್ದೇ ಬೇರೆ. ಗಂಧಾರಕ್ಕೆ ಇಳಿಯುವ ಮೊದಲು ಅವರ ಜುಬ್ಬಾದ ಬೆನ್ನು ಮೆಲ್ಲಗೆ ಅಗಲವಾಗುತ್ತಿತ್ತು, ಒಂದು ಕ್ಷಣ ಹಾಗೇ ನಿಲ್ಲುತ್ತಿತ್ತು, ಆಮೇಲೆ ಸ್ವರ. ಆ ನಿಂತ ಕ್ಷಣವನ್ನು ಯಾವ ಮೈಕೂ ನನಗೆ ಕೇಳಿಸಿರಲಿಲ್ಲ.

ದ್ರುತ್, ಅಂದರೆ ವೇಗದ ಭಾಗ, ಶುರುವಾದಾಗ ತಪ್ಪು ಮಾಡಿದೆ. ತಬಲಾ ಓಡಿದ ಹಾಗೆ ನನ್ನ ಬೆರಳೂ ಓಡತೊಡಗಿತು. ಗವಾಯಿಗಳು ತಿರುಗಿ ನೋಡಲಿಲ್ಲ. ತಾನ್, ಅಂದರೆ ಸ್ವರಗಳ ವೇಗದ ಓಟ, ನಡೆದಿರುವಾಗಲೇ ಎಡಗೈಯನ್ನು ಹಿಂದೆ ಚಾಚಿ, ಮಲಗಿದ ಕೂಸನ್ನು ತಟ್ಟುವ ಹಾಗೆ ಗಾಳಿಯಲ್ಲಿ ಎರಡು ಸಲ ತಟ್ಟಿದರು. ಹೌದಲ್ಲ, ತಂಬೂರಿಗೆ ತಾಳದ ಗೊಡವೆಯಿಲ್ಲ. ಯಾರು ಎಷ್ಟೇ ಓಡಲಿ, ಅದು ತನ್ನ ನಡಿಗೆಯಲ್ಲೇ ಇರಬೇಕು. ನಾಚಿಕೆಯಿಂದ ಮೈ ಬಿಸಿಯಾಯಿತು. ಆದರೆ ನಿಧಾನಕ್ಕೆ ಮರಳಿದ ಮೇಲೆ ಅವರ ತಾನುಗಳು ಎಲ್ಲಿಂದ ಎದ್ದು ಎಲ್ಲಿಗೆ ಬಂದು ಇಳಿಯುತ್ತಿವೆ ಎಂಬುದು ಮೊದಲ ಸಲ ಸ್ಪಷ್ಟ ಕಂಡಿತು.

ಗಂಗೂಬಾಯಿ ಹಾನಗಲ್ (1913–2009) ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತರು. ಗದಗ ಕಡೆಯಿಂದ ಭೀಮಸೇನ ಜೋಶಿಯವರೂ ಅಲ್ಲಿಗೇ ಬಂದು ಸೇರಿದರು. ಇದನ್ನು ನಾನು ಚಿಕ್ಕಂದಿನಿಂದ ಬರೀ ಕಥೆಯಾಗಿ ಕೇಳಿದ್ದೆ. ಗುರುವಿನ ಹತ್ತಿರ ಇರುವುದು ಎಂದರೆ ಎಷ್ಟು ಹತ್ತಿರ ಎಂಬುದು ಈ ಪಡಸಾಲೆಯಲ್ಲಿ ತಿಳಿಯಿತು: ಉಸಿರು ಎಣಿಸುವಷ್ಟು.

ನಡುವೆ ಒಗ್ಗರಣೆ ಅವಲಕ್ಕಿ, ಚಹಾ. ಕೊನೆಗೆ ಭೈರವಿ ರಾಗ. ಮುಗಿದ ಮೇಲೆ ಯಾರೂ ಥಟ್ಟನೆ ಏಳಲಿಲ್ಲ.

ತಂಬೂರಿಗೆ ಗವಸು ಹಾಕುತ್ತಿದ್ದಾಗ ಗವಾಯಿಗಳು ಹತ್ತಿರ ಬಂದರು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ.

"ದ್ರುತನ್ಯಾಗ ಓಡಿದಿ," ಅಂದರು. "ಆಮ್ಯಾಲ ನಿಂತಿ. ಬೆರಳು ತೋರಸು."

ತೋರುಬೆರಳ ತುದಿಯಲ್ಲಿ ಕೆಂಪು ಗೆರೆ ಮೂಡಿತ್ತು. ನೋಡಿ, "ಎಣ್ಣಿ ಹಚ್ಚವಾ," ಎಂದು ಹೇಳಿ ಚಪ್ಪಲಿ ಹುಡುಕಲು ಹೋದರು.