ಆಟಿ ಮಳೆಯಲ್ಲಿ ಒಂದು ನ್ಯಾನೋ ಆಂಪಿಯರ್

ಸೆಮಿಕಂಡಕ್ಟರ್ ಸಂಶೋಧನೆ ಎಂದಕೂಡಲೇ ಮೈತುಂಬ ಬಿಳಿ ಮುಸುಕು ಹಾಕಿಕೊಂಡು ಕ್ಲೀನ್‌ರೂಮಿನಲ್ಲಿ ಚಿಪ್ ಮಾಡುವ ಚಿತ್ರ ಕಣ್ಣಿಗೆ ಬರುತ್ತದೆ. ಆ ವೃತ್ತಿಯ ದೊಡ್ಡ ಪಾಲು ಹೊತ್ತು ಹೋಗುವುದು ಮಾತ್ರ ಅಳೆಯುವುದರಲ್ಲಿ, ಅಳೆದದ್ದು ಡಿವೈಸಿನದೋ ಸುತ್ತಲಿನ ಕೊಳೆಯದೋ ಎಂದು ತಲೆ ಕೆಡಿಸಿಕೊಳ್ಳುವುದರಲ್ಲಿ. ಅದನ್ನು ಕಲಿಯಲು ಕಾಸರಗೋಡಿನ ಬದಿಯಡ್ಕದ ಮನೆಯ ಮೇಜು ಸಾಕು. ಡಯೋಡ್ ಎಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ. ತಿರುಗಿಸಿ ಜೋಡಿಸಿದಾಗಲೂ ಅದರಲ್ಲಿ ಸೋರುವ ಚೂರು ಕರೆಂಟನ್ನು ನ್ಯಾನೋ ಆಂಪಿಯರಿನಲ್ಲಿ, ಅಂದರೆ ಆಂಪಿಯರಿನ ನೂರು ಕೋಟಿಯಲ್ಲೊಂದು ಪಾಲಿನ ಲೆಕ್ಕದಲ್ಲಿ, ಇಲ್ಲಿ ಅಳೆಯುವುದು.

ಬೇಕಾದ್ದು ಇಷ್ಟೇ: 1ಎನ್4148 ಡಯೋಡ್, 9 ವೋಲ್ಟಿನ ಎರಡು ಬ್ಯಾಟರಿ, 1.5 ವೋಲ್ಟಿನ ಒಂದು ಹೊಸ ಸೆಲ್, 10 ಮೆಗಾಓಮ್ ರೆಸಿಸ್ಟರ್, ಡಿಜಿಟಲ್ ಮಲ್ಟಿಮೀಟರ್.

ಸಾಮಾನ್ಯ ಮೀಟರಿನ ಆಂಪಿಯರ್ ರೇಂಜಿಗೆ ನ್ಯಾನೋ ಕಾಣಿಸುವುದೇ ಇಲ್ಲ. ಆದ್ದರಿಂದ 2 ವೋಲ್ಟ್ ಡಿಸಿ ರೇಂಜನ್ನೇ ಬಳಸಿ. ಮೀಟರಿನ ಒಳಗಿನ ರೋಧ 10 ಮೆಗಾಓಮ್ ಆಗಿದ್ದರೆ 1 ನ್ಯಾನೋ ಆಂಪಿಯರಿಗೆ 10 ಮಿಲಿವೋಲ್ಟ್ ತೋರಿಸುತ್ತದೆ. ಆಗಿದೆಯೋ ಇಲ್ಲವೋ ಎಂದು ಮೊದಲು ನೋಡಿ: ಸೆಲ್ಲಿಗೆ 10 ಮೆಗಾಓಮ್ ರೆಸಿಸ್ಟರನ್ನು ಸರಣಿಯಲ್ಲಿಟ್ಟು ಅಳೆದರೆ ಅರ್ಧ ವೋಲ್ಟೇಜ್ ಬರಬೇಕು. ಹನ್ನೊಂದನೇ ಒಂದು ಪಾಲು, ಅಂದರೆ 0.14ರ ಆಸುಪಾಸು ಬಂದರೆ ನಿಮ್ಮದು 1 ಮೆಗಾಓಮಿನ ಅಗ್ಗದ ಮೀಟರು. ಅದರಲ್ಲಿ 1 ಮಿಲಿವೋಲ್ಟ್ ಎಂದರೆ 1 ನ್ಯಾನೋ.

ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 18 ವೋಲ್ಟ್ ಮಾಡಿ. ಪ್ಲಸ್ ತುದಿ ಡಯೋಡಿನ ಕಪ್ಪು ಪಟ್ಟಿಯ ಕಡೆಗೆ, ಇನ್ನೊಂದು ಕಾಲು ಮೀಟರಿನ ಕೆಂಪು ವಯರಿಗೆ, ಮೀಟರಿನ ಕಪ್ಪು ವಯರು ಬ್ಯಾಟರಿಯ ಮೈನಸ್ಸಿಗೆ. ತಯಾರಕರ ಡೇಟಾಶೀಟಿನ ಪ್ರಕಾರ 20 ವೋಲ್ಟ್, 25 ಡಿಗ್ರಿಯಲ್ಲಿ ಸೋರಿಕೆ 25 ನ್ಯಾನೋ ಆಂಪಿಯರ್ ಮೀರಬಾರದು. 150 ಡಿಗ್ರಿಯಲ್ಲಿ ಆ ಮಿತಿ 50 ಮೈಕ್ರೋ, ಅಂದರೆ 50,000 ನ್ಯಾನೋ, ಎರಡು ಸಾವಿರ ಪಟ್ಟು. ಸುಮಾರು 11 ಡಿಗ್ರಿಗೊಮ್ಮೆ ಇಮ್ಮಡಿಯಾದ ಲೆಕ್ಕ ಅದು. ಬಿಸಿ ಏರಿದಂತೆ ಸಿಲಿಕಾನಿನಲ್ಲಿ ಕರೆಂಟು ಹೊರುವ ಇಲೆಕ್ಟ್ರಾನ್-ರಂಧ್ರ ಜೋಡಿಗಳು ಹೆಚ್ಚು ಹುಟ್ಟುತ್ತವೆ. ಬೆರಳಲ್ಲಿ ಹಿಡಿದರೂ ಅಂಕೆ ಏರುತ್ತದೆ.

ಟಾರ್ಚ್ ಬಿಟ್ಟರೂ ಏರುತ್ತದೆ. ಇದರ ಮೈ ಗಾಜು, ಬೆಳಕು ನೇರ ಜಂಕ್ಷನ್ನಿಗೆ, ಅಂದರೆ ಸಿಲಿಕಾನಿನ ಎರಡು ಬಗೆಯ ಪದರ ಕೂಡುವ ಜಾಗಕ್ಕೆ, ಹೋಗುತ್ತದೆ. ಕಪ್ಪು ಬಟ್ಟೆ ಮುಚ್ಚಿಯೇ ಅಳೆಯಿರಿ.

ಇನ್ನು ತೇವ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟಿನ ಮಳೆಗಾಲ) ಡಯೋಡನ್ನು ಕಿತ್ತು ತೆಗೆದರೂ ಮೀಟರು ಸೊನ್ನೆಗೆ ಬರದಿರಬಹುದು. 18 ವೋಲ್ಟಿಗೆ 1 ನ್ಯಾನೋ ಹರಿಯಲು 18 ಗಿಗಾಓಮಿನ ದಾರಿ ಸಾಕು. ಬೆರಳಿನ ಬೆವರು, ಬೆಸುಗೆಯ ಫ್ಲಕ್ಸು, ಕಡಲ ಗಾಳಿಯ ಉಪ್ಪು ಇವುಗಳ ಮೇಲೆ ನೀರಿನ ತೆಳು ಪದರ ಕೂತರೆ ಆ ದಾರಿ ಸಿದ್ಧ. ಬ್ರೆಡ್‌ಬೋರ್ಡ್ (ಬಿಡಿಭಾಗ ಚುಚ್ಚಿ ಜೋಡಿಸುವ ತೂತಿನ ಹಲಗೆ) ಬೇಡವೇ ಬೇಡ, ಕ್ರೊಕೊಡೈಲ್ ಕ್ಲಿಪ್ಪುಗಳಲ್ಲಿ ಡಯೋಡನ್ನು ಗಾಳಿಯಲ್ಲಿ ತೂಗುಬಿಡಿ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಹೇರ್ ಡ್ರೈಯರಿನಲ್ಲಿ ಒಣಗಿಸಿ, ತಣಿದ ಮೇಲೆ ಅಳೆಯಿರಿ. ಬಿಡಿಭಾಗಗಳನ್ನು ಹಲಸಿನ ಹಪ್ಪಳದ ಹಾಗೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆಗಿಡಿ. ನೀಲಿ ಹರಳು ಗುಲಾಬಿಯಾಯಿತೆಂದು ಅಡುಗೆಯ ಬಾಣಲೆಯಲ್ಲಿ ಮಾತ್ರ ಹುರಿಯಬೇಡಿ. ಆ ನೀಲಿ ಕೋಬಾಲ್ಟ್ ಕ್ಲೋರೈಡಿನದು, ವಿಷ.

ಲ್ಯಾಬುಗಳಲ್ಲಿ ಇದೇ ಕಾಟಕ್ಕೆ ಟ್ರಯಾಕ್ಸಿಯಲ್ ಕೇಬಲ್ ಇದೆ. ಒಳತಂತಿಯ ಸುತ್ತಲಿನ ಗಾರ್ಡ್ ಪದರವನ್ನು ಒಳತಂತಿಯದೇ ವೋಲ್ಟೇಜಿನಲ್ಲಿ ಇಡುತ್ತಾರೆ. ನಡುವೆ ವ್ಯತ್ಯಾಸವಿಲ್ಲದ ಮೇಲೆ ಸೋರುವುದೆಲ್ಲಿಂದ? ಪೊವ್ವಲ್ಲಿನ ಇಂಜಿನಿಯರಿಂಗ್ ಕಾಲೇಜಿನಿಂದಲೋ ಸುರತ್ಕಲ್ಲಿನ ಎನ್‌ಐಟಿಕೆಯಿಂದಲೋ ಹೊರಟವರು ಗೇಟ್ ಪ್ರವೇಶ ಪರೀಕ್ಷೆ ಬರೆದು ಬೆಂಗಳೂರಿನ ಐಐಎಸ್‌ಸಿಯ ಮೆಟ್ಟಿಲು ಹತ್ತುವ ಮೊದಲು ಇಷ್ಟನ್ನು ಕೈಯಾರೆ ಮಾಡಿ ನೋಡಿರಲಿ. ಗೇಟ್ ಅಂಕ ಮೂರು ವರ್ಷ ಊರ್ಜಿತ, ಅವಸರವೇನಿಲ್ಲ.

ನೋಟುಬುಕ್ಕಿನಲ್ಲಿ ಡಯೋಡ್ ಇಲ್ಲದೆ ಬಂದ ಅಂಕೆಯನ್ನು ಮೊದಲ ಸಾಲಿಗೆ ಬರೆಯಿರಿ, ಪಕ್ಕದಲ್ಲಿ ಆ ದಿನದ ಉಷ್ಣತೆ ಮತ್ತು ತೇವಾಂಶ. ಅದೇ ಜೋಡಣೆಯನ್ನು ಜನವರಿಯ ಒಣ ಹವೆಯಲ್ಲಿ ಇನ್ನೊಮ್ಮೆ ಅಳೆದು ಕೆಳಗಿನ ಸಾಲಿನಲ್ಲಿ ಬರೆಯಿರಿ.